ಒಳಗೆ ಬಿಟ್ಟ ಎರಡು ಇಂಚು

ಬೈಲಹೊಂಗಲದ ಪೇಟೆಯಲ್ಲಿ ಹೆಣ್ಣುಮಕ್ಕಳ ಬಟ್ಟೆ ಹೊಲಿಯುತ್ತ ನನಗೆ ಮೂವತ್ತು ವರ್ಷ ಕಳೆದಿವೆ. ಈ ಮೂವತ್ತು ವರ್ಷದಲ್ಲಿ ದೊಡ್ಡ ಹೆಣ್ಣುಮಕ್ಕಳ ಮೈಗೆ ಟೇಪು ಹಚ್ಚಿ ಅಳತೆ ತೆಗೆದದ್ದು ಇಲ್ಲವೇ ಇಲ್ಲ ಎನ್ನಬೇಕು. ನಮ್ಮ ಕಡೆ ಅಳತೆಗೆ ಹೆಂಗಸರು ಬರುವುದಿಲ್ಲ, ಅವರ ಹಳೆಯ ಜಂಪರು ಬರುತ್ತದೆ. ಬ್ಲೌಸಿಗೆ ನಾವು ಜಂಪರು ಎನ್ನುತ್ತೇವೆ. ಚೀಲದಲ್ಲಿ ಹೊಸ ಖಣ, ಅದರ ಜೊತೆ ಮೈಗೆ ಸರಿಯಾಗಿ ಕೂರುವ ಒಂದು ಹಳೆಯ ಜಂಪರು. ಅಣ್ಣನೋ ಮೈದುನನೋ ತಂದು ಕೊಟ್ಟು ಹೋಗುತ್ತಾನೆ. ನಾನು ಅದನ್ನು ಮೇಜಿನ ಮೇಲೆ ಹರವಿ ಓದಬೇಕು. ಓದುವುದು ಎಂದೇ ನಾನು ಅನ್ನುತ್ತೇನೆ. ಬಲತೋಳು ಸವೆದಿದ್ದರೆ ರೊಟ್ಟಿ ಬಡಿಯುವ ಕೈ, ಕಂಕುಳ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದರೆ ಬಾಣಂತನ ಮುಗಿದಿದೆ, ಬೆನ್ನಿನ ಬಣ್ಣ ಹಾರಿದ್ದರೆ ಹೊಲದ ಕೆಲಸ. ಇಷ್ಟೆಲ್ಲ ಗೊತ್ತಾಗುತ್ತದೆ, ಆದರೆ ಗೊತ್ತಾದದ್ದನ್ನು ಬಾಯಿಬಿಟ್ಟು ಹೇಳಬಾರದು. ನನಗೆ ಕತ್ತರಿ ಹಿಡಿಯಲು ಕಲಿಸಿದ ಮುರಗೋಡದ ಮುದುಕ ಮಾಸ್ತರರು ಮೊದಲ ದಿನವೇ ಹೇಳಿದ್ದರು, "ಹೆಣ್ಣಮಕ್ಕಳ ಬಟ್ಟಿ ಹೊಲಿಯಾಂವಗ ಕಣ್ಣ ನಾಕ ಇರಬೇಕ, ಬಾಯಿ ಒಂದೂ ಇರಬಾರದ." ಆ ಮಾತನ್ನು ವ್ರತದ ಹಾಗೆ ನಡೆಸಿಕೊಂಡು ಬಂದೆ. ಹೋದ ವರ್ಷ ಒಂದು ಸಲ ಅದನ್ನು ಮುರಿಯಬೇಕಾಗಿತ್ತು, ಮುರಿಯಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಚಿಕ್ಕ ಮಕ್ಕಳ ಮಾತು ಬೇರೆ. ಜೂನ್ ಬಂತೆಂದರೆ ಶಾಲೆಯ ಮಕ್ಕಳು ಅಂಗಡಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲುತ್ತವೆ, ನಾನು ಟೇಪು ಹಿಡಿದು ಅಳೆಯುತ್ತೇನೆ, ಪುಸ್ತಕದಲ್ಲಿ ಒಂದೊಂದು ಮಗುವಿಗೆ ಒಂದೊಂದು ಪುಟ. ತಾಯಂದಿರು ಹೇಳುವ ಮಾತು ಮಾತ್ರ ಎಲ್ಲರದೂ ಒಂದೇ: "ಬೆಳ್ಯೂ ಹುಡುಗಿ ಐತ್ರಿ, ಒಳಗ ಬಟ್ಟಿ ಬಿಡ್ರಿ." ನಾನು ಲಂಗದ ಕೆಳಗೆ ಎರಡು ಇಂಚು ಒಳಗೆ ಮಡಚಿ ಕೆಂಪು ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ಕೊಡುತ್ತಿದ್ದೆ. ಮುಂದಿನ ವರ್ಷ ಮಗು ಬೆಳೆದಾಗ ಆ ಕೆಂಪು ದಾರದ ತುದಿ ಹಿಡಿದು ಜಗ್ಗಿದರೆ ಸಾಕು, ಸರ್ರನೆ ಬಿಚ್ಚಿ ಲಂಗ ಎರಡು ಇಂಚು ಇಳಿಯುತ್ತದೆ.

ನಮ್ಮ ಅಂಗಡಿಯ ಹಿಂದಿನ ಓಣಿಯಲ್ಲಿ ಒಂದು ಹುಡುಗಿ ಇತ್ತು. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಪಡಸಾಲೆಯಲ್ಲಿ ಬುದ್ಧನ ಫೋಟೋ ಇರುವ ಮನೆ. ನಾಲ್ಕನೇ ಇಯತ್ತೆಯಿಂದ ಆಕೆಯ ಬಟ್ಟೆಯೆಲ್ಲ ನನ್ನ ಕೈಯದೇ. ಆ ಕೆಂಪು ದಾರ ಜಗ್ಗುವುದೆಂದರೆ ಆಕೆಗೆ ಎಲ್ಲಿಲ್ಲದ ಖುಷಿ. ತಾನೇ ಜಗ್ಗುತ್ತೇನೆಂದು ಹಟ ಹಿಡಿದು ಅಂಗಡಿಗೆ ಬರುತ್ತಿದ್ದಳು, ತನ್ನದು ಮುಗಿದ ಮೇಲೆ ಬೇರೆ ಮಕ್ಕಳದನ್ನೂ ಜಗ್ಗಿ ಕೊಡುತ್ತಿದ್ದಳು. ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಎಡಭುಜ ಅರ್ಧ ಇಂಚು ಇಳಿದಿತ್ತು. ಅದು ಕಾಣದ ಹಾಗೆ ಹೊಲಿಯುವುದು ನನಗೆ ಬಿಟ್ಟರೆ ಯಾರಿಗೂ ಬರುವುದಿಲ್ಲ ಎಂದು ನನಗೆ ಸ್ವಲ್ಪ ಜಂಭವೂ ಇತ್ತು.

ಆ ಹುಡುಗಿ ಬೆಳೆದು ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದಳು. ನನ್ನ ಹೊಲಿಗೆ ಮಿಶನ್ನಿಗೆ ಹಚ್ಚಿದ ಮೋಟರು ಒಂದು ದಿನ ಕಿಡಿ ಹಾರಿಸಿ ಸುಟ್ಟ ವಾಸನೆ ಬಂದಾಗ, ಇನ್ನು ಮುಗಿಯಿತು ಇದರ ಕತೆ ಎಂದು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಆಕೆ ಬಂದು ನೋಡಿ, "ಏನೂ ಸುಟ್ಟಿಲ್ಲ ಕಾಕಾ, ಒಳಗ ಕಾರ್ಬನ್ ಬ್ರಶ್ ಸವದಾವ ಅಷ್ಟ. ಸುಮ್ನ ಕುಂದರ್ರಿ" ಎಂದು ಚಹಾ ಕುಡಿಯುವಷ್ಟರಲ್ಲಿ ಸರಿಮಾಡಿಬಿಟ್ಟಳು. ಆಮೇಲೆ ಪೇಟೆಯ ಪಂಪ್‌ಸೆಟ್ ಡೀಲರರ ಅಂಗಡಿಯಲ್ಲಿ ರಿಪೇರಿ ಕೆಲಸಕ್ಕೆ ಸೇರಿದಳು. ಹೊಲದ ಮೋಟರನ್ನು ಮನೆಯಲ್ಲಿ ಕೂತು ಮೊಬೈಲಿನಿಂದ ಚಾಲೂ ಮಾಡುವ, ಬಂದ್ ಮಾಡುವ ಡಬ್ಬಿ ಬಂದಿದೆಯಲ್ಲ, ಆ ಡಬ್ಬಿಯ ಏಜೆನ್ಸಿ ಅವರದು. ಕೆಟ್ಟು ಬಂದ ಡಬ್ಬಿಗಳನ್ನು ಹಿಂದಿನ ಕೋಣೆಯಲ್ಲಿ ಕೂತು ಈಕೆ ದುರಸ್ತಿ ಮಾಡುತ್ತಿದ್ದಳು. ಸವದತ್ತಿ, ರಾಮದುರ್ಗದ ಕಡೆಗೆ ಒಬ್ಬ ಸರ್ವಿಸ್ ಎಂಜಿನಿಯರ್ ಬೇಕೆಂದು ಕಂಪನಿಯವರು ಹೇಳಿದ್ದರು. ಆ ನೌಕರಿ ತನಗೆ ಸಿಗಬೇಕು ಎನ್ನುವುದು ಈಕೆಯ ಆಸೆ. ಸಿಕ್ಕರೆ ಸ್ಕೂಟರ್ ಮೇಲೆ ಹೊಲ ಹೊಲ ತಿರುಗುತ್ತೇನೆ, ಮುನವಳ್ಳಿಯ ಡ್ಯಾಮಿನ ದಂಡೆಗೆ ಕೂತು ಬುತ್ತಿ ಉಣ್ಣುತ್ತೇನೆ ಎಂದು ನನ್ನ ಹೆಂಡತಿಯ ಮುಂದೆ ಹೇಳಿಕೊಂಡಿದ್ದಳು.

ಇನ್ನು ಡೀಲರರ ಮಾತು. ಕೆಟ್ಟ ಮನುಷ್ಯರಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ತಲೆಮಾರಿನಿಂದ ವ್ಯಾಪಾರ ಮಾಡಿಕೊಂಡು ಬಂದ ಮನೆತನ, ಅವರ ಮನೆಯ ಹೆಂಗಸರ ಬಟ್ಟೆಯೆಲ್ಲ ನನ್ನಲ್ಲೇ. ಊರ ಹೊರಗಿನ ಮೈದಾನದಲ್ಲಿ ಮೂರು ದಿನದ ಕೃಷಿ ತಂತ್ರಜ್ಞಾನ ಮೇಳ ಎಂದು ಡಂಗುರವಾದ ಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಬಂದರು.

"ಮಾಸ್ತರ, ನಮ್ಮ ಸ್ಟಾಲಿನ ಮುಂದ ಆರು ಮಂದಿ ಹುಡುಗ್ಯಾರು ನಿಂದರತಾರ. ನಮ್ಮ ಕಡೀ ಸಂಸ್ಕೃತಿ ಎದ್ದ ಕಾಣಬೇಕ ನೋಡ್ರಿ. ಇಳಕಲ್ ಸೀರಿ, ಖಣದ ಜಂಪರ."

"ಛಲೋ ಆತಲ್ರಿ ಸಾವಕಾರ" ಎಂದೆ. ನಿಜವಾಗಿಯೂ ಛಲೋ ಅನಿಸಿತ್ತು.

"ಸೀರಿ ಪೂರಾ ಬ್ಯಾಡ. ಕತ್ತರಿಸಿ ಮೊಣಕಾಲ ತನಕ ಲಂಗದಂಗ ಹೊಲೀರಿ. ಜಂಪರ ಉದ್ದ ಹನ್ನೊಂದ ಇಂಚ. ಪುಣೆದಾಗಿನ ಕಂಪನಿ ಆಫೀಸಿನವರು ಫೋಟೋನ ಕಳಿಸ್ಯಾರ."

ಫೋಟೋ ತೋರಿಸಿದರು. ನಮ್ಮ ಹೆಣ್ಣುಮಕ್ಕಳ ಜಂಪರು ಹದಿನಾಲ್ಕು, ಹದಿನೈದು ಇಂಚು ಇರುತ್ತದೆ. ಹನ್ನೊಂದೆಂದರೆ ಪಕ್ಕೆಲುಬಿನ ಮೇಲೇ ನಿಲ್ಲುತ್ತದೆ.

"ಸೊಂಟಾ ಪೂರಾ ಕಾಣತೈತ್ರಿ" ಎಂದೆ.

"ಕಾಣ್ಲಿ ಅಂತನ ಮಾಸ್ತರ" ಎಂದು ನಕ್ಕರು. ಆಮೇಲೆ ಜೇಬಿನಿಂದ ಬಟ್ಟೆಯ ಮೇಲೆ ಅಚ್ಚು ಹಾಕಿದ ಆರು ಚೌಕ ತೆಗೆದರು. ಚಹಾದಂಗಡಿಯಲ್ಲಿ ದುಡ್ಡು ಕೊಡಲು ಮೊಬೈಲು ಹಿಡಿಯುತ್ತೇವಲ್ಲ, ಆ ಥರದ ಕಪ್ಪು ಬಿಳಿ ಸ್ಕ್ಯಾನರು. ಅದನ್ನು ಜಂಪರಿನ ಬೆನ್ನ ಮೇಲೆ ಹೊಲಿಯಬೇಕಂತೆ. ಬಂದವರು ಹುಡುಗಿಯ ಬೆನ್ನಿಗೆ ಮೊಬೈಲು ಹಿಡಿದರೆ ಡಬ್ಬಿಯ ಮಾಹಿತಿ ಮೊಬೈಲಿನಲ್ಲಿ ಬರುತ್ತದೆ, ಬಂದವರ ನಂಬರು ಕಂಪನಿಗೆ ಹೋಗುತ್ತದೆ.

ಡಬ್ಬಿ ಮಾರಲು ಹುಡುಗಿಯ ಸೊಂಟ ಯಾಕೆ ಬೇಕು, ಸ್ಕ್ಯಾನರು ಹಚ್ಚಲು ಅಷ್ಟು ದೊಡ್ಡ ಟೇಬಲ್ಲು ಇರುವಾಗ ಬೆನ್ನು ಯಾಕೆ ಬೇಕು ಎಂದು ನಾನು ಕೇಳಿದೆ ಅಂತ ಬರೆಯಲು ನನಗೂ ಆಸೆ. ಕೇಳಲಿಲ್ಲ. "ಯಾವಾಗ ಬೇಕ್ರಿ?" ಎಂದೆ. ಖಣದ ಗೆರೆಗೆ ಗೆರೆ ಕೂಡಿಸಿ ಹೊಲಿಯುವವರು ಬೈಲಹೊಂಗಲದಲ್ಲಿ ನಿಮ್ಮ ಹೊರತು ಯಾರಿದ್ದಾರೆ ಎಂದು ಅವರು ಅಂದದ್ದೇ ತಡ, ನಾನು ಉಬ್ಬಿಹೋದೆ. ಹೊಗಳಿದರೆ ಹೊನ್ನಶೂಲಕ್ಕೂ ಏರುತ್ತಾರಂತೆ, ನಾನು ಹನ್ನೊಂದು ಇಂಚಿಗೆ ಒಪ್ಪಿದೆ.

ಮರುದಿನ ಅಳತೆಯ ಜಂಪರುಗಳ ಚೀಲ ಬಂತು. ಒಂದೊಂದಕ್ಕೂ ಊರಿನ ಚೀಟಿ ಚುಚ್ಚಿದ್ದರು. ಕಿತ್ತೂರು ಎರಡು, ದೇಗಾಂವ ಒಂದು, ರಾಮದುರ್ಗ ಒಂದು, ಸವದತ್ತಿ ಒಂದು. ಆರನೆಯದಕ್ಕೆ ಚೀಟಿ ಇರಲಿಲ್ಲ. ಅದನ್ನು ಬಿಚ್ಚಿ ಹರವಿದ ಕೂಡಲೇ ನನ್ನ ಕೈ ನಿಂತಿತು. ಎಡಭುಜ ಅರ್ಧ ಇಂಚು ಇಳಿದಿತ್ತು. ಕಂಕುಳಲ್ಲಿ ನಾನು ಇಡುವ ಸಣ್ಣ ಚೌಕದ ತುಂಡು. ಕಾಲೇಜಿನ ಕೊನೆಯ ವರ್ಷದ ಫೋಟೋಕ್ಕೆಂದು ನಾನೇ ಹೊಲಿದುಕೊಟ್ಟ ನೀಲಿ ಜಂಪರು ಅದು. ಹುಕ್ಕು ಹಚ್ಚಿದ್ದು ನನ್ನ ಹೆಂಡತಿ.

ಡೀಲರರ ಅಂಗಡಿಯ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಕೂರುವ ಹುಡುಗಿಯನ್ನು ಸ್ಟಾಲಿನ ಮುಂದೆ ನಿಲ್ಲಿಸಲು ಯಾರು ಹೇಳಿದರು, ಆಕೆ ಯಾಕೆ ಒಪ್ಪಿದಳು ಎಂದು ನನಗೆ ಆಗ ಗೊತ್ತಿರಲಿಲ್ಲ. ಹೆಂಡತಿ ಸಂಜೆಗೇ ಓಣಿಯಲ್ಲಿ ವಿಚಾರಿಸಿಕೊಂಡು ಬಂದಳು. ಮೇಳದ ಮೂರು ದಿನ ನಿಂತರೆ ಪುಣೆಯ ಸಾಹೇಬರ ಕಣ್ಣಿಗೆ ಬೀಳುತ್ತೀ, ಸರ್ವಿಸ್ ನೌಕರಿಗೆ ನಾನು ಒಂದು ಮಾತು ಹಾಕುತ್ತೇನೆ ಎಂದು ಡೀಲರರು ಅಂದಿದ್ದರಂತೆ. ಸ್ಟಾಲಿನಲ್ಲಿ ಡಬ್ಬಿಯ ಬಗ್ಗೆ ಹೇಳಲು ಕರೆದಿದ್ದಾರೆ ಎಂದು ಹುಡುಗಿ ಮನೆಯಲ್ಲಿ ಹೇಳಿದ್ದಳಂತೆ. ಬಟ್ಟೆಯ ಅಳತೆ ಆಕೆಗೆ ಯಾರೂ ಹೇಳಿದಂತಿರಲಿಲ್ಲ.

ಆಕೆ ನನ್ನ ಕೈಯ ಜಂಪರನ್ನೇ ಯಾಕೆ ಕಳಿಸಿದಳು? ಚೀಟಿ ಯಾಕೆ ಚುಚ್ಚಲಿಲ್ಲ? ನಾನು ಗುರುತು ಹಿಡಿಯಲಿ ಎಂದೋ, ಬೇಡ ಎಂದೋ? ಆಕೆಯ ಹತ್ತಿರ ಇದ್ದ ಜಂಪರುಗಳೆಲ್ಲ ನನ್ನ ಹೊಲಿಗೆಯವೇ ಎಂದು ನನಗೆ ಹೊಳೆದದ್ದು ಎಷ್ಟೋ ದಿನದ ಮೇಲೆ.

"ಹೋಗಿ ಹುಡುಗಿಗೆ ಹೇಳಿ ಬರ್ರಿ, ಹಿಂಗಿಂಗ ಹೊಲಿಯಾಕ ಹೇಳ್ಯಾರ ಅಂತ" ಎಂದಳು ಹೆಂಡತಿ.

"ನಾವ ಯಾಕ ನಡುವ ಬಾಯಿ ಹಾಕೂದ? ಆಕಿ ನೌಕರಿ ಪ್ರಶ್ನೆ ಐತಿ" ಎಂದೆ. ಮುರಗೋಡದ ಮಾಸ್ತರರ ಮಾತಿನ ಹಿಂದೆ ಅಡಗಿಕೊಳ್ಳುವುದು ನನಗೆ ಸುಲಭವಾಗಿ ಬರುತ್ತದೆ.

ಆದರೂ ಸುಮ್ಮನಿರಲು ಆಗಲಿಲ್ಲ. ಐದು ಜಂಪರುಗಳನ್ನು ಹೇಳಿದ ಹಾಗೆ ಹೊಲಿದೆ. ಆಕೆಯದನ್ನು ಹದಿಮೂರು ಇಂಚಿಗೆ ಕತ್ತರಿಸಿ, ಕೆಳಗಿನ ಎರಡು ಇಂಚನ್ನು ಒಳಗೆ ಮಡಚಿ, ಕೆಂಪು ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿದೆ. ದಾರದ ತುದಿಯನ್ನು ಬೆರಳಿಗೆ ಸಿಗುವ ಹಾಗೆ ಎಡಪಕ್ಕೆಯಲ್ಲಿ ಬಿಟ್ಟೆ. ಹೊರಗಿನಿಂದ ನೋಡಿದರೆ ಹನ್ನೊಂದೇ ಇಂಚು. ಬೇಡವೆನಿಸಿದಾಗ ಒಂದು ಸಲ ಜಗ್ಗಿದರೆ ಎರಡು ಇಂಚು ಇಳಿಯುತ್ತದೆ. ಆ ಹುಡುಗಿಗೆ ಕೆಂಪು ದಾರ ಕಂಡರೆ ಸಾಕು, ಹೇಳುವ ಅಗತ್ಯವೇ ಇಲ್ಲ ಎಂದುಕೊಂಡೆ. ಉಳಿದ ಐದು ಹುಡುಗಿಯರಿಗೆ ಯಾಕೆ ಬಿಡಲಿಲ್ಲ ಎಂದು ಕೇಳಿದರೆ, ಅವರು ನನ್ನ ಪುಸ್ತಕದಲ್ಲಿ ಇರಲಿಲ್ಲ, ಅಷ್ಟೇ.

ಹುಕ್ಕು ಹಚ್ಚಲು ಕೈಗೆತ್ತಿಕೊಂಡ ಹೆಂಡತಿ ಮಡಿಕೆಯನ್ನು ನೋಡಿದಳು, ನನ್ನನ್ನೂ ನೋಡಿದಳು.

"ಏನಿದು?"

"ಆಕಿಗೆ ತಿಳೀತೈತಿ."

"ಬಾಯಿಲೆ ಹೇಳೂದನ್ನ ದಾರದಾಗ ಹೇಳ್ತೀರಲ್ಲ, ದೇವರು ನಿಮಗ ಬಾಯಿ ಕೊಟ್ಟಿದ್ದ ಎದಕ್ಕ, ಬರೇ ಚಹಾ ಕುಡ್ಯಾಕೇನ?"

ನಾನು ಮಿಶನ್ ಜೋರಾಗಿ ಓಡಿಸಿದೆ. ಮಿಶನ್ ಓಡುವಾಗ ಯಾರ ಮಾತೂ ಕೇಳುವುದಿಲ್ಲ ಎನ್ನುವುದು ನಮ್ಮ ಕಸುಬಿನ ದೊಡ್ಡ ಅನುಕೂಲ.

ಮೇಳದ ಎರಡನೆಯ ದಿನ ಅಂಗಡಿ ಮುಚ್ಚಿ ಇಬ್ಬರೂ ಹೋದೆವು. ಹೆಂಡತಿಗೆ ತನ್ನ ತವರಿನ ಹೊಲದ ಬೋರಿಗೆ ಅಂಥದೊಂದು ಡಬ್ಬಿ ಹಚ್ಚಿಸುವ ವಿಚಾರವೂ ಇತ್ತು. ತಮ್ಮ ಬೇರೆ ಊರಿನಲ್ಲಿ ಇರುವುದರಿಂದ ಆ ಹೊಲದ ಕಾರಭಾರವೆಲ್ಲ ಇವಳದೇ. ಮೇಳದ ಬಾಗಿಲಲ್ಲೇ ಒಬ್ಬ ಇವಳ ಕೈಗೆ ಕುಂಕುಮದ ಪೊಟ್ಟಣ, ಎರಡು ಹಸಿರು ಬಳೆ ಕೊಟ್ಟು, "ಅಕ್ಕಾರ, ಮಿಕ್ಸರ್ ಸ್ಟಾಲ್ ಆ ಕಡೆ ಐತ್ರಿ" ಎಂದು ಕೈ ತೋರಿಸಿದ. "ನನಗ ಮೋಟರ್ ಡಬ್ಬಿ ನೋಡೂದೈತಿ" ಎಂದಳು. "ಹಂಗಾರ ಯಜಮಾನ್ರನ್ನ ಕಳಸ್ರಿ" ಎಂದ. ಬಿತ್ತನೆ ಯಾವಾಗ ಎಂದು ಕೂಡ ಗೊತ್ತಿಲ್ಲದ ನನ್ನ ಕೈಗೆ ನಾಲ್ಕು ಬಣ್ಣದ ಪುಸ್ತಿಕೆ ಬಂದವು.

ಡೀಲರರ ಸ್ಟಾಲು ಎಲ್ಲಕ್ಕಿಂತ ದೊಡ್ಡದು. ಮೇಲೆ 'ನಿಮ್ಮ ಹೊಲಕ್ಕೊಬ್ಬ ಹೊಸ ಸೊಸೆ' ಎಂದು ಬ್ಯಾನರು. ಸೆರಗು ಹೊದ್ದ ಹುಡುಗಿಯ ಚಿತ್ರ, ಆಕೆಯ ಹೊಟ್ಟೆ ಇರಬೇಕಾದಲ್ಲಿ ಆ ಡಬ್ಬಿ. ಮೈಕಿನಲ್ಲಿ ಒಬ್ಬ ಒದರುತ್ತಿದ್ದ: "ಬರ್ರಿ, ಬರ್ರಿ! ಹೇಳಿದಂಗ ಕೇಳತಾಳ, ಎದುರ ಮಾತಾಡಂಗಿಲ್ಲ, ತವರಮನಿಗೆ ಹೋಗತೇನಿ ಅನ್ನಂಗಿಲ್ಲ! ಮೊಬೈಲದಾಗ ಒತ್ತಿದ್ರ ಎದ್ದ ಕೆಲಸಕ್ಕ ನಿಂದರತಾಳ!" ಗಂಡಸರು ನಗುತ್ತಿದ್ದರು. ನನಗೂ ಮೊದಲ ಸಲ ಕೇಳಿದಾಗ ನಗು ಬಂತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಹೆಂಡತಿ ನಗಲಿಲ್ಲ. "ಅಂಥಾಕಿನ್ನ ಮನಿಗೂ ಒಂದ ತಗೊಂಡ ನಡೀರಿ, ನನಗ ಪುರಸೊತ್ತ ಆಗತೈತಿ" ಎಂದಳು.

ಸ್ಟಾಲಿನ ಮುಂದೆ ಆರು ಹುಡುಗಿಯರು ಜನರಿಗೆ ಬೆನ್ನು ಮಾಡಿ ನಿಂತಿದ್ದರು. ಒಬ್ಬೊಬ್ಬಳ ಹಿಂದೆಯೂ ಗಂಡಸರ ಪಾಳಿ. ಮೊಬೈಲು ಹಿಡಿಯುವುದು, ಟಿಂಗ್ ಎನ್ನುವುದು, ಮುಂದಿನವನು ಬರುವುದು. ಕೆಲವರಿಗೆ ಒಂದು ಟಿಂಗಿನಿಂದ ಸಮಾಧಾನವಿರಲಿಲ್ಲ, ಸುತ್ತು ಹಾಕಿ ಮತ್ತೆ ಪಾಳಿಗೆ ನಿಲ್ಲುತ್ತಿದ್ದರು. ಬೆನ್ನಿನ ಚೌಕಕ್ಕೆ ಹಿಡಿಯಬೇಕಾದ ಮೊಬೈಲನ್ನು ಒಬ್ಬ ಸೊಂಟದ ಮಟ್ಟಕ್ಕೆ ಇಳಿಸಿ ಹಿಡಿದಿದ್ದ. ಬಿಸಿಲಿತ್ತು. ನಾನು ಹೊಲಿದ ಆರೂ ಜಂಪರು ಬೆವರಿನಿಂದ ಬೆನ್ನಿಗೆ ಅಂಟಿದ್ದವು. ಗೆರೆಗೆ ಗೆರೆ ಎಷ್ಟು ಸರಿಯಾಗಿ ಕೂಡಿದೆ ಎನ್ನುವುದನ್ನೇ ನನ್ನ ಕಣ್ಣು ಮೊದಲು ನೋಡಿದ್ದು. ಆ ಕಣ್ಣನ್ನು ಕಿತ್ತಿಡಬೇಕು ಅನಿಸಿತು.

ಎಡಭುಜ ನೋಡಿ ಆಕೆಯನ್ನು ಗುರುತಿಸಿದೆ. ಎಲ್ಲರ ಹಾಗೆ ಹನ್ನೊಂದೇ ಇಂಚು. ದಾರ ಜಗ್ಗಿರಲಿಲ್ಲ.

ಆಗ ಮುನವಳ್ಳಿಯ ರೈತರೊಬ್ಬರು ಟೇಬಲ್ಲಿನ ಹತ್ತಿರ ಬಂದರು. ವಯಸ್ಸಾದವರು, ಪಾಳಿಗೆ ನಿಂತಿರಲಿಲ್ಲ. ಟೇಬಲ್ಲಿನ ಹಿಂದೆ ಟೈ ಕಟ್ಟಿಕೊಂಡು ಕೂತಿದ್ದವನು ಇದೇ ಹುಡುಗಿಯ ಜೊತೆ ಡಿಪ್ಲೊಮಾ ಓದಿದವನು, ಡೀಲರರ ಬೀಗರ ಪೈಕಿ. ಪರೀಕ್ಷೆ ಬಂದಾಗಲೆಲ್ಲ ಈಕೆಯ ನೋಟ್ಸ್ ಕೇಳಲು ನಮ್ಮ ಓಣಿಗೆ ಬರುತ್ತಿದ್ದುದನ್ನು ನಾನೇ ಕಂಡಿದ್ದೇನೆ.

"ನಮ್ಮ ಬೋರಿನ್ಯಾಗ ನೀರ ನಡುನಡುವ ನಿಂದರತೈತ್ರಿ. ಕರೆಂಟ್ ಬಂದ ಕೂಡ್ಲೆ ಇದು ತಾನ ಚಾಲೂ ಆಗಿ ಮೋಟರ್ ಒಣಾ ಓಡಿದ್ರ ಗತಿ ಏನ?" ಎಂದು ಕೇಳಿದರು ಆ ರೈತರು.

"ಏನೂ ಆಗಂಗಿಲ್ರಿ ಯಜಮಾನ್ರ, ಫುಲ್ ಆಟೋಮ್ಯಾಟಿಕ್ ಐತಿ. ಹಚ್ಚಿಬಿಡ್ರಿ, ನಿಶ್ಚಿಂತಿ ಮಲ್ಕೋರಿ" ಎಂದ ಟೈಯವನು.

ಹುಡುಗಿ ಅವರಿಂದ ಎರಡು ಮಾರು ದೂರದಲ್ಲಿ, ಬೆನ್ನು ಮಾಡಿ, ಬೆನ್ನಿಗೆ ಒಬ್ಬನ ಮೊಬೈಲು ಹಿಡಿಸಿಕೊಂಡು ನಿಂತಿದ್ದಳು. ಹಾಗೆ ನಿಂತಲ್ಲಿಂದಲೇ, ಮುಖ ತಿರುಗಿಸದೆ ಹೇಳಿದಳು: "ಹಂಗ ಬಿಡಬ್ಯಾಡ್ರಿ. ನೀರ ಹರಿಯೂಮುಂದ ಮೋಟರ್ ಎಷ್ಟ ಆಂಪ್ ತಗೋತೈತಿ ನೋಡಿ, ಮೊದಲ ಅದನ್ನ ಡಬ್ಬಿ ಒಳಗ ಸೆಟ್ ಮಾಡಬೇಕ್ರಿ. ಆಗ ನೀರ ನಿಂತ ಕೂಡ್ಲೆ ತಾನ ಬಂದ್ ಆಗತೈತಿ. ಸೆಟ್ ಮಾಡ್ಲಿಲ್ಲಂದ್ರ ಒಣಾ ಓಡಿ ಸುಡತೈತಿ."

ರೈತರು ಅತ್ತ ಇತ್ತ ನೋಡಿದರು. ಆ ಗದ್ದಲದಲ್ಲಿ ಹೇಳಿದವರು ಯಾರೆಂದು ಅವರಿಗೆ ತಿಳಿಯಲಿಲ್ಲ. ಬೆನ್ನು ಮಾಡಿ ನಿಂತ ಹುಡುಗಿ ಹೇಳಿರಬಹುದು ಎಂದು ಅವರಿಗೇನು, ಯಾರಿಗೂ ಅನಿಸುವಂತಿರಲಿಲ್ಲ. ಟೈಯವನ ಕಡೆಗೇ ತಿರುಗಿ, "ಹಾಂ, ಇದು ಬರೋಬ್ಬರಿ ಮಾತ. ಮದಲ ಯಾಕ ಹೇಳಲಿಲ್ಲಪಾ?" ಎಂದರು.

"ಸೆಟ್ ಮಾಡೇ ಕೊಡತೇವ್ರಿ" ಎಂದು ಅವನು ನಕ್ಕ.

ಹುಡುಗಿಯ ಹಿಂದೆ ಮೊಬೈಲು ಹಿಡಿದು ನಿಂತವನು ಬೇಸರದಿಂದ, "ತಂಗೀ, ಅಳ್ಳಾಡಬ್ಯಾಡ. ಸ್ಕ್ಯಾನ್ ಆಗವಲ್ದ" ಎಂದ. ಆಕೆ ಅಳ್ಳಾಡದೆ ನಿಂತಳು. ಟಿಂಗ್ ಎಂದಿತು.

ನನಗೆ ಸಿಟ್ಟು ಬಂತು. ಬಂದ ಸಿಟ್ಟನ್ನು ಹೊತ್ತುಕೊಂಡು ಡೀಲರರ ಹತ್ತಿರ ಹೋದೆ. "ಸಾವಕಾರ, ಆ ಹುಡುಗಿಗೆ ಡಬ್ಬಿದು ಎಲ್ಲಾ ಗೊತ್ತೈತ್ರಿ. ಆಕಿನ್ನ ಟೇಬಲ್ ಹಿಂದ ಕುಂದರಸ್ರಿ" ಎಂದೆ.

"ನನಗ ಗೊತ್ತಿಲ್ಲೇನ ಮಾಸ್ತರ? ನಮ್ಮ ಅಂಗಡ್ಯಾಗ ಆಕಿಗಿಂತ ಶ್ಯಾಣ್ಯಾ ಇನ್ನೊಬ್ಬರಿಲ್ಲ. ಆದ್ರ ಮೇಳದಾಗ ಶ್ಯಾಣ್ಯಾತನ ನೋಡಾಕ ಯಾರ ಬರ್ತಾರ್ರಿ? ನಾನು ಬ್ಯಾಡ ಅಂದ್ರ ಪುಣೆದವರು ಏಜೆನ್ಸಿ ಬ್ಯಾರೇದವರಿಗೆ ಕೊಡತಾರ." ಹೆಗಲ ಮೇಲೆ ಕೈ ಹಾಕಿದರು. "ನಿಮ್ಮ ಹೊಲಿಗಿ ಮಾತ್ರ ಅಗದೀ ಫಸ್ಟ್ ಕ್ಲಾಸ್. ಎಲ್ಲಾರೂ ಯಾರ ಹೊಲದಾರ ಅಂತ ಕೇಳಾಕತ್ತಾರ."

ನಾನು ಏನು ಮಾಡಿದೆ? ಕೈ ಮುಗಿದೆ. ಹೊಗಳಿದವರಿಗೆ ಕೈ ಮುಗಿಯುವ ರೂಢಿ, ಕೈ ತಾನಾಗಿ ಎದ್ದಿತು. ಅದೇ ಹೊತ್ತಿಗೆ ಹುಡುಗಿ ತಿರುಗಿದಳು, ನಾನು ಕೈ ಮುಗಿದು ನಿಂತದ್ದನ್ನು ನೋಡಿದಳು. ಆಕೆಯ ಎಡಗೈ ಜಂಪರಿನ ಪಕ್ಕೆಗೆ ಹೋಯಿತು. ಹೆಬ್ಬೆರಳು ಮಡಿಕೆಯನ್ನು ಸವರಿ ದಾರದ ತುದಿಯ ಮೇಲೆ ನಿಂತಿತು. ಜಗ್ಗು ಮಗಳೇ, ಜಗ್ಗು ಎಂದು ಮನಸ್ಸಿನಲ್ಲೇ ಹೇಳಿದೆ. ಪುಣೆಯ ಸಾಹೇಬರು ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಆಕೆ ಕೈ ಇಳಿಸಿ ಮತ್ತೆ ಬೆನ್ನು ಮಾಡಿದಳು.

ಮನೆ ಮುಟ್ಟಿದ ಮೇಲೆ ಹೆಂಡತಿ ಕುಂಕುಮದ ಪೊಟ್ಟಣ ದೇವರ ಮುಂದಿಟ್ಟು, ಬಳೆಗಳನ್ನು ನನ್ನ ಮೇಜಿನ ಮೇಲೆ ಇಟ್ಟಳು. "ನೀವ ಇಟಗೋರಿ" ಎಂದಳು.

ಮೂರು ವಾರದ ಮೇಲೆ, ಗಿರಾಕಿ ಕಡಿಮೆ ಇರುವ ಮಧ್ಯಾಹ್ನ ನೋಡಿ ಹುಡುಗಿ ಅಂಗಡಿಗೆ ಬಂದಳು. ಹೆಂಡತಿ ಹುಕ್ಕು ಹಚ್ಚುತ್ತ ಕೂತಿದ್ದಳು. ಚಹಾ ಕೊಟ್ಟಳು. ನೌಕರಿಯದು ಏನಾಯಿತು ಎಂದು ನಾನು ಕೇಳಲಿಲ್ಲ, ಹೆಂಡತಿ ಕೇಳಿದಳು.

"ಅವಗ ಕೊಟ್ರು ಕಾಕೂ, ಟೈಯಾವಗ. ಹೊಲಕ್ಕ ಒಬ್ಬಾಕಿನ್ನ ಕಳಸಾಕ ಆಗಂಗಿಲ್ಲಂತ. ಹೆಣ್ಣ ಹುಡುಗಿ, ನಾಳೆ ಏನರ ಆದ್ರ ಜವಾಬ್ದಾರಿ ಯಾರದು ಅಂದ್ರು."

"ಅಷ್ಟ ಮಂದಿ ಮುಂದ ಹಂಗ ನಿಲ್ಲಸಾಕ ಯಾರ ಜವಾಬ್ದಾರಿನೂ ಬ್ಯಾಡಾಗಿತ್ತೇನ?" ಎಂದಳು ಹೆಂಡತಿ. ಕೈಯಲ್ಲಿದ್ದ ಹುಕ್ಕು ಕೆಳಗೆ ಬಿತ್ತು.

ಹುಡುಗಿ ಚೀಲದಿಂದ ಖಣದ ಜಂಪರು ತೆಗೆದು, ಒಳಮೈ ಹೊರಗೆ ಮಾಡಿ ನನ್ನ ಮೇಜಿನ ಮೇಲೆ ಹರವಿದಳು. ಕೆಂಪು ದಾರ ಹಾಕಿದಂತೆಯೇ ಇತ್ತು. ಬೆವರಿಗೆ ಬಣ್ಣ ಬಿಟ್ಟು ಮಡಿಕೆಯ ಉದ್ದಕ್ಕೂ ಕಲೆ ಮಾಡಿತ್ತು.

"ಮೊದಲನೇ ದಿನಾನ ನೋಡಿದ್ದೆ ಕಾಕಾ" ಎಂದಳು. "ಹಾಕ್ಕೊಂಡ ಕೂಡ್ಲೆ ಕೈಗೆ ಸಿಕ್ತು. ಮೂರೂ ದಿನ ಅಲ್ಲೇ ಬೆರಳ ಇಟಗೊಂಡ ನಿಂತಿದ್ದೆ. ಆರು ಮಂದ್ಯಾಗ ನಾ ಒಬ್ಬಾಕಿ ಉದ್ದ ಹಾಕ್ಕೊಂಡ್ರ ಸಾಹೇಬ್ರು ಏನಂತಾರೋ, ನೌಕರಿ ಎಲ್ಲಿ ತಪ್ಪತೈತೋ ಅಂತ ಜಗ್ಗಲಿಲ್ಲ."

ನೀವು ಮೊದಲೇ ಮನೆಗೆ ಬಂದು ಹೇಳಿದ್ದರೆ ನಾನು ಮೇಳಕ್ಕೆ ಹೋಗುತ್ತಲೇ ಇರಲಿಲ್ಲ ಎಂದು ಆಕೆ ಅನ್ನಬಹುದಿತ್ತು. ಅನ್ನಲಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

"ಈಗ ಇದನ್ನ ಕತ್ತರಿಸಿಬಿಡ್ರಿ. ಒಳಗ ದಪ್ಪ ಆಗಿ ಚುಚ್ಚತೈತಿ. ಮುಂದಿನ ತಿಂಗಳ ರಾಮದುರ್ಗದಾಗ ಮೇಳ ಐತಿ, ಆಮ್ಯಾಲ ಕಿತ್ತೂರ. ಕರದಾರ."

"ಹೋಗತಿಯೇನವಾ?" ಎಂದೆ.

"ಒಲ್ಲೆ ಅಂದ್ರ ಅಂಗಡ್ಯಾಗಿನ ರಿಪೇರಿ ಕೆಲಸಾನೂ ಬಿಡು ಅಂತಾರ. ಆ ಕೋಣಿ ಒಂದರ ಇರ್ಲಿ ಕಾಕಾ."

ನಾನು ಕೂತೇ ಇದ್ದೆ. ಬಟ್ಟೆ ಒಳಗೆ ಬಿಡಿ ಎಂದು ಕೇಳಿಕೊಂಡು ಬಂದವರನ್ನು ಮೂವತ್ತು ವರ್ಷ ನೋಡಿದ್ದೇನೆ. ಬಿಟ್ಟದ್ದನ್ನು ಕತ್ತರಿಸಿ ಎಂದು ಬಂದವರು ಯಾರೂ ಇರಲಿಲ್ಲ. ಒಮ್ಮೆ ಕತ್ತರಿಸಿದರೆ ಮತ್ತೆ ಇಳಿಸಲು ಬಟ್ಟೆ ಇರುವುದಿಲ್ಲ ಎಂದು ಆಕೆಗೆ ಹೇಳುವುದೇನಿತ್ತು, ಆಕೆ ನಮ್ಮ ಕಟ್ಟೆಯ ಮೇಲೆಯೇ ಬೆಳೆದವಳು. ಹೆಂಡತಿಯ ಕಡೆ ನೋಡಿದೆ. ಅವಳು ಬಿದ್ದ ಹುಕ್ಕು ಹುಡುಕುತ್ತಿದ್ದಳು. ಹುಡುಗಿಯೇ ಕತ್ತರಿ ಎತ್ತಿ ನನ್ನ ಕೈಗೆ ಕೊಟ್ಟಳು.

ಕತ್ತರಿಸಿದೆ. ಎರಡು ಇಂಚು ಅಗಲದ ಖಣದ ಪಟ್ಟಿ ಕೆಂಪು ದಾರದ ಸಮೇತ ಮೇಜಿನಿಂದ ಜಾರಿ ಕೆಳಗೆ ಬಿತ್ತು. ಅಂಚು ಮಡಚಿ ಮಿಶನ್ನಿಗೆ ಕೊಟ್ಟೆ. ಹೊಲಿಗೆ ಅರ್ಧಕ್ಕೆ ಬಂದಾಗ ಆಕೆ ಕತ್ತು ವಾರೆ ಮಾಡಿ ಕೇಳಿಸಿಕೊಂಡು, "ಕಾಕಾ, ಮಿಶನ್ ಸಪ್ಪಳ ಬದಲಾಗೇತಿ. ಕಾರ್ಬನ್ ಮತ್ತ ಸವದಿರಬೇಕ. ಐತವಾರ ಬಂದ ಹಾಕಿಕೊಡತೇನಿ" ಎಂದಳು.

ಜಂಪರು ಮಡಚಿ ಚೀಲದಲ್ಲಿ ಇಟ್ಟುಕೊಂಡು ಚಪ್ಪಲಿ ಮೆಟ್ಟಿದಳು. ಮೆಟ್ಟಿಲಿಳಿದವಳು ಮತ್ತೆ ತಿರುಗಿದಳು.

"ಬುಕ್ಕಿನ್ಯಾಗ ಬರಕೊಂಡಬಿಡ್ರಿ. ಪ್ರತಿ ಸಲ ಅಳತಿ ಜಂಪರ ಕಳಸೂದು ಬ್ಯಾಡ."

ಆಕೆ ಹೋದ ಮೇಲೆ ಪುಸ್ತಕ ತೆಗೆದೆ. ಆಕೆಯ ಪುಟದಲ್ಲಿ ನಾಲ್ಕನೇ ಇಯತ್ತೆಯಿಂದ ಜೂನಿನಿಂದ ಜೂನಿಗೆ ಏರುತ್ತ ಬಂದ ಲಂಗದ ಅಂಕಿಗಳಿದ್ದವು, ಅವುಗಳ ಕೆಳಗೆ ಕಾಲೇಜಿನ ಜಂಪರಿನ ಅಳತೆ, ಉದ್ದ ಹದಿನಾಲ್ಕು. ಅದರ ಮೇಲೆ ಗೀಟು ಹೊಡೆದು ಪಕ್ಕದಲ್ಲಿ ಹನ್ನೊಂದು ಎಂದು ಬರೆದೆ.